ನೀರಿನ ಒಡತಿಯ ಪ್ರೇಮಕಥೆ

ಐತಿಹಾಸಿಕ ಪ್ರೇಮಕಾದಂಬರಿ ಎಂದರೆ ಮೂಗು ಮುರಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರಿಗೆ ನಾನು ಓದಲು ಕೊಡುವುದು ಝೇನ್ ಗ್ರೇ 1912ರಲ್ಲಿ ಪ್ರಕಟಿಸಿದ ‘ರೈಡರ್ಸ್ ಆಫ್ ದಿ ಪರ್ಪಲ್ ಸೇಜ್’. ಅದರ ಗುಣವೂ ದೊಡ್ಡದು, ದೋಷವೂ ದೊಡ್ಡದು. ಇಂಥ ಪುಸ್ತಕದ ಬಗ್ಗೆ ಮಾತಿಗೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕಥೆ 1871ರದು. ಅಮೆರಿಕದ ಯೂಟಾದ ದಕ್ಷಿಣ ಭಾಗದಲ್ಲಿ ಕಾಟನ್‌ವುಡ್ಸ್ ಎಂಬ ಮಾರ್ಮನ್ ಪಂಥದವರ ಹಳ್ಳಿ. ಅಲ್ಲಿ ಜೇನ್ ವಿದರ್‌ಸ್ಟೀನ್ ಎಂಬಾಕೆಗೆ ಅಪ್ಪನಿಂದ ಸಾವಿರಾರು ದನಗಳು, ಹೆಸರುವಾಸಿ ಕುದುರೆಗಳು, ಜೊತೆಗೆ ಆಂಬರ್ ಸ್ಪ್ರಿಂಗ್ ಎಂಬ ನೀರಿನ ಬುಗ್ಗೆ ಬಂದಿವೆ. ಮಳೆಯಿಲ್ಲದ ಸೀಮೆಯಲ್ಲಿ ಬುಗ್ಗೆ ಯಾರದೋ ಊರು ಅವರದು. ಪಂಥದ ಹಿರಿಯ ಟಲ್ ಅವಳನ್ನು ಮದುವೆಯಾಗಬೇಕೆನ್ನುತ್ತಾನೆ, ಅವಳು ಒಲ್ಲೆನೆನ್ನುತ್ತಾಳೆ. ಆಮೇಲೆ ದನ ಕಳವಾಗುತ್ತವೆ, ಸವಾರರು ಕೆಲಸ ಬಿಡುತ್ತಾರೆ, ಮನೆಗೆಲಸದ ಹೆಂಗಸರೇ ಅವಳ ಮೇಲೆ ಕಣ್ಣಿಡುತ್ತಾರೆ. ನೀರು, ನಂಬಿಕೆ, ಹೆಣ್ಣಿನ ಹಟ ಮೂರೂ ಒಂದೇ ಗಂಟಿಗೆ ಬೀಳುವುದನ್ನು ಗ್ರೇ ಎಷ್ಟು ಚೆನ್ನಾಗಿ ಹೆಣೆದಿದ್ದಾನೆ!

ಅಷ್ಟರಲ್ಲಿ ಬರುತ್ತಾನೆ ಲ್ಯಾಸಿಟರ್. ಕಪ್ಪು ಬಟ್ಟೆ, ಸೊಂಟದಲ್ಲಿ ಎರಡು ಪಿಸ್ತೂಲು. ಅವನ ಕುದುರೆ ಕುರುಡು. ಯಾರೋ ಅದನ್ನು ಕಟ್ಟಿಹಾಕಿ, ಕಾದ ಕಬ್ಬಿಣವನ್ನು ಕಣ್ಣಿನ ಹತ್ತಿರ ಹಿಡಿದು ದೃಷ್ಟಿ ಕಳೆದಿದ್ದಾರೆ. ಇದೊಂದೇ ಸಂಗತಿಯಿಂದ ಮಾರ್ಮನ್ನರ ಮೇಲೆ ಆ ಮನುಷ್ಯನಿಗಿರುವ ಹಗೆ ಎಂಥದೆಂದು ನಮಗೆ ತಿಳಿಯುತ್ತದೆ. ತನ್ನವರ ಜೀವ ಉಳಿಸಬೇಕೆಂದು ಜೇನ್ ಅವನ ಕೈಯಿಂದ ಪಿಸ್ತೂಲು ಬಿಡಿಸಲು ಹೊರಡುತ್ತಾಳೆ. ಹಾಗೆ ಹೊರಟವಳೇ ಅವನಿಗೆ ಮನಸೋಲುತ್ತಾಳೆ. ಪ್ರೇಮಕ್ಕೆ ಕಾಲವೇ ಅಡ್ಡ ನಿಲ್ಲಬೇಕು, ಆಗಲೇ ಐತಿಹಾಸಿಕ ಪ್ರೇಮಕಥೆಗೆ ಕಸುವು ಬರುವುದು. ಬರೀ ಹಳೆಯ ಉಡುಪು ತೊಡಿಸಿದರೆ ಬರುವುದಿಲ್ಲ.

ಕುದುರೆಗಳ ಮಾತು ಬಂತಲ್ಲ, ಆ ಬೆನ್ನಟ್ಟುವ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಜೇನ್‌ಳ ಮುದ್ದಿನ ಎರಡು ಕರಿ ಕುದುರೆಗಳನ್ನು ಜೆರ್ರಿ ಕಾರ್ಡ್ ಎಂಬ ಕುದುರೆಗಳ್ಳ ಹಾರಿಸಿಕೊಂಡು ಹೋಗುತ್ತಿದ್ದಾನೆ. ರ‍್ಯಾಂಗಲ್ ಎಂಬ ಒರಟು ಕುದುರೆಯೇರಿ ಅವಳ ಕಡೆಯ ಸವಾರ ವೆಂಟರ್ಸ್ ಹಿಂದೆ ಬಿದ್ದಿದ್ದಾನೆ. ಒಂದು ದಣಿದರೆ ಕಾರ್ಡ್ ಓಟ ನಿಲ್ಲಿಸದೆಯೇ ಇನ್ನೊಂದರ ಬೆನ್ನಿಗೆ ಜಿಗಿಯುತ್ತಾನೆ. ಅವನು ಕಳ್ಳನೆಂಬುದನ್ನೇ ಮರೆತು ಭಲೇ ಅನ್ನಬೇಕೆನಿಸುತ್ತದೆ.

ದಂತವೈದ್ಯನಾಗಿದ್ದ ಗ್ರೇ 1907ರಲ್ಲಿ ಬಫಲೋ ಜೋನ್ಸ್ ಎಂಬ ಬೇಟೆಗಾರನ ಜೊತೆ ಗ್ರ್ಯಾಂಡ್ ಕ್ಯಾನ್ಯನ್ನಿನ ಉತ್ತರ ದಂಡೆಯ ಕಾಡು ಸುತ್ತಿದ್ದ. ಕಂಡು ಬರೆದ ನೆಲವಾದ್ದರಿಂದ ಕಣಿವೆಯ ಕಲ್ಲು, ಧೂಳು, ಬೆಳಕು ಓದುಗನ ಮೈಗೆ ತಾಗುತ್ತವೆ. ಕೆಲವೆಡೆ ವರ್ಣನೆ ಅತಿಯಾಗಿ ಕಥೆ ಕಾಲೆಳೆಯುತ್ತದೆ, ನಿಜ. ಅದನ್ನು ಕ್ಷಮಿಸಬಹುದು.

ಕ್ಷಮಿಸಲಾಗದ್ದು ಬೇರೆ. ಟಲ್, ಪಂಥದ ಬಿಷಪ್ ಡೈಯರ್ ಇವರಿಗೆ ಒಳಗೊಂದು ಮನಸ್ಸೇ ಇಲ್ಲ. ಮಾರ್ಮನ್ನರ ಪ್ರವಾದಿ ಜೋಸೆಫ್ ಸ್ಮಿತ್‌ನನ್ನು 1844ರಲ್ಲಿ ಇಲಿನಾಯ್‌ನ ಜೈಲಿನಲ್ಲಿ ಗುಂಪೊಂದು ಕೊಂದಿತ್ತು. ಪೆಟ್ಟು ತಿಂದ ಆ ಜನ 1847ರಲ್ಲಿ ಯೂಟಾಕ್ಕೆ ಬಂದು ನೆಲೆ ಕಂಡರು. ಹಾಗೆ ಅಟ್ಟಿಸಿಕೊಂಡು ಬಂದವರಿಗೆ ಹೊರಗಿನವರ ಭಯ ಸಹಜ. ಆ ಭಯ ಕಾದಂಬರಿಯಲ್ಲಿ ಇದ್ದಿದ್ದರೆ ಜೇನ್‌ಳ ಸಂಕಟ ಇನ್ನೂ ಆಳಕ್ಕೆ ಇಳಿಯುತ್ತಿತ್ತು. ಗ್ರೇಗೆ ಅವರು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. 1910ರ ‘ದಿ ಹೆರಿಟೇಜ್ ಆಫ್ ದಿ ಡೆಸರ್ಟ್’ನಲ್ಲಿ ಆಗಸ್ಟ್ ನಾಬ್ ಎಂಬ ಹೃದಯವಂತ ಮಾರ್ಮನ್ ಹಿರಿಯನನ್ನು ಚಿತ್ರಿಸಿದವನೂ ಇವನೇ. ಎರಡೇ ವರ್ಷದಲ್ಲಿ ಆ ಕಣ್ಣು ಎಲ್ಲಿ ಹೋಯಿತು?

ಇನ್ನು ಕೊನೆ. ಲ್ಯಾಸಿಟರ್ ಬಂಡೆ ಉರುಳಿಸಿ ಬೆನ್ನಟ್ಟಿ ಬಂದವರನ್ನು ಮುಗಿಸುತ್ತಾನೆ; ಕಣಿವೆಯ ದಾರಿಯೂ ಅದರೊಂದಿಗೆ ಮುಚ್ಚಿಹೋಗುತ್ತದೆ. ಅವನು, ಜೇನ್, ಜೇನ್ ಸಾಕಿಕೊಂಡ ಪುಟ್ಟ ಹುಡುಗಿ ಫೇ ಒಳಗೆ ಉಳಿಯುತ್ತಾರೆ. ಓದುವಾಗ ಮೈ ಜುಮ್ಮೆನ್ನುವುದು ಸತ್ಯ. ಆದರೆ ಊರಿಗೆ ನೀರು ಕೊಟ್ಟು, ಬಡವರ ಮನೆ ನಡೆಸಿ, ಹಿರಿಯರಿಗೆ ಎದುರು ನಿಂತ ಹೆಣ್ಣಿಗೆ ಲೇಖಕ ಕೊಟ್ಟ ಬಾಳು ಇದೇನಾ? ಪ್ರೇಮವನ್ನು ಗೆಲ್ಲಿಸಲು ಅವಳನ್ನು ಇತಿಹಾಸದಿಂದಲೇ ಹೊರಗಿಟ್ಟುಬಿಟ್ಟ. 1915ರಲ್ಲಿ ಬಂದ ‘ದಿ ರೇನ್‌ಬೋ ಟ್ರೇಲ್’ನಲ್ಲಿ ಅವರನ್ನು ಮತ್ತೆ ಹೊರಗೆ ತಂದನೆಂಬುದು ನಿಜ; ಆದರೆ ಕಳೆದ ವರ್ಷಗಳನ್ನು ಜೇನ್‌ಗೆ ಯಾರು ಕೊಡುತ್ತಾರೆ?

ಇಷ್ಟಾದರೂ ಈ ಪುಸ್ತಕ ಓದಿ ಎಂದೇ ಹೇಳುತ್ತೇನೆ. ಲೇಖಕನ ಮೇಲೆ ಇಷ್ಟು ಸಿಟ್ಟು ಬರಿಸುವಷ್ಟು ಜೇನ್ ಜೀವಂತವಾಗಿದ್ದಾಳೆ, ಅವಳನ್ನು ಹಾಗೆ ಜೀವಂತವಾಗಿ ಬರೆದವನೂ ಅವನೇ.