ಮೂರನೇ ಮಹಡಿಯ ಚಹಾ

2025ರ ಮೇ ತಿಂಗಳಲ್ಲಿ ಮುಂಬಯಿಯ ನ್ಯಾಯಾಲಯವೊಂದು ವರ್ಲಿಯಲ್ಲಿ ನಾಯಿ ಸಾಕಿದ್ದ ಒಬ್ಬರಿಗೆ ನಾಲ್ಕು ತಿಂಗಳ ಸಜೆ ವಿಧಿಸಿದ್ದನ್ನು ನೀವೂ ಓದಿರಬಹುದು. ಘಟನೆ ನಡೆದದ್ದು 2018ರಲ್ಲಿ, ಲಿಫ್ಟಿನಲ್ಲಿ. ಒಳಗಿದ್ದ ನೆರೆಮನೆಯವರು, ಮಗುವಿಗೆ ನಾಯಿಯೆಂದರೆ ಹೆದರಿಕೆ, ಸ್ವಲ್ಪ ತಡೆಯಿರಿ ಎಂದರಂತೆ. ನಾಯಿಯವರು ತಡೆಯಲಿಲ್ಲ. ಹಸ್ಕಿಯನ್ನು ಎಳೆದುಕೊಂಡೇ ಒಳಗೆ ಬಂದರು, ನಾಯಿ ಕಚ್ಚಿತು. ಅದಕ್ಕೂ ಹಿಂದೆ, 2010ರಲ್ಲಿ ನೇಪಿಯನ್ ಸೀ ರೋಡಿನಲ್ಲಿ ಹೀಗೇ ಒಂದು. ನಾಯಿಯಿದ್ದ ಕಾರಿನ ಬಾಗಿಲು ತೆಗೆಯಬೇಡಿ ಎಂದು ಕೇಳಿಕೊಂಡರೂ ನಾಯಿಯವರು ತೆಗೆದರು, ರಾಟ್‌ವೈಲರ್ ಹಾರಿ ಬಂದು ಕಚ್ಚಿತು. ಹೆಚ್ಚುಕಡಿಮೆ ಹದಿಮೂರು ವರ್ಷದ ಮೇಲೆ, 2023ರ ಜನವರಿಯಲ್ಲಿ, ಮೂರು ತಿಂಗಳ ಶಿಕ್ಷೆಯಾಯಿತು.

ಎರಡನ್ನೂ ಓದುವಾಗ ನನ್ನ ಮನಸ್ಸು ನಾಯಿಯ ಜಾತಿಯ ಕಡೆಗೆ ಹೋಗಲಿಲ್ಲ. ಕಚ್ಚಿಸಿಕೊಂಡವರು ಮೊದಲೇ ಕೇಳಿಕೊಂಡಿದ್ದರಲ್ಲ, ಅಲ್ಲಿಗೇ ಹೋಯಿತು. 1980ರ ಮಳೆಗಾಲದಲ್ಲಿ ಇದೇ ಮುಂಬಯಿಯ ಪರೇಲಿನಲ್ಲಿ ನಮ್ಮ ಮಾಣಿಯೂ ಕೇಳಿಕೊಂಡಿದ್ದ.

ಆಗ ನಾನು ಸೋದರಮಾವನ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದೆ. ಪರೇಲ್, ಲಾಲ್‌ಬಾಗ್ ಎಂದರೆ ಆಗ ಗಿರಣಗಾಂವ್, ಗಿರಣಿಗಳ ಊರು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿತೆಂದರೆ ಬೀದಿ ತುಂಬ ಪಾಳಿಗೆ ಹೋಗುವವರು, ಪಾಳಿ ಮುಗಿಸಿ ಬರುವವರು. ಇಬ್ಬರಿಗೂ ಚಹಾ ಬೇಕು. ಹೋಟೆಲಿನ ಒಳಗಿನ ವ್ಯಾಪಾರಕ್ಕಿಂತ ಹೊರಗಿನ ಚಹಾದ ವ್ಯಾಪಾರವೇ ಜಾಸ್ತಿ. ಅದನ್ನು ಹೊತ್ತು ತಿರುಗುತ್ತಿದ್ದವನು ಕುಂದಾಪುರ ಕಡೆಯ ಒಬ್ಬ ಹುಡುಗ. ಹೆಸರಿತ್ತು, ಆದರೆ ನಮಗೆಲ್ಲ ಅವನು ಮಾಣಿ. ಹದಿನಾಲ್ಕೋ ಹದಿನೈದೋ ವಯಸ್ಸು. ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ, ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುತ್ತಿದ್ದ. ಬಲಗೈಯಲ್ಲಿ ಕಿಟ್ಲಿ, ಎಡಗೈಯಲ್ಲಿ ತಂತಿಯ ಸ್ಟ್ಯಾಂಡು, ಅದರಲ್ಲಿ ಆರು ಗ್ಲಾಸು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಲು ಅವನಿಗೆ ಮೂರನೇ ಕೈ ಇರಲಿಲ್ಲ.

ನಮ್ಮ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಸೇಠರಿದ್ದರು. ಬಟ್ಟೆ ದಲಾಲಿ, ಮನೆಯಲ್ಲೇ ಆಫೀಸು, ದಿನಕ್ಕೆ ಮೂರು ಸಲ ನಮ್ಮ ಚಹಾ. ಲೆಕ್ಕ ತಿಂಗಳ ಕೊನೆಗೆ ಪೈಸೆ ಬಾಕಿಯಿಲ್ಲದೆ ಚುಕ್ತಾ. ಒಳ್ಳೆಯ ಗಿರಾಕಿ. ಅವರ ಹತ್ತಿರ ಟೈಗರ್ ಅಂತ ಒಂದು ಆಲ್ಸೇಷಿಯನ್ ಇತ್ತು. ಸೇಠರು ಅದನ್ನು ಜೀವದಂತೆ ಸಾಕಿದ್ದರು. ತಾವೇ ಸ್ನಾನ ಮಾಡಿಸುವರು, ತಾವು ಉಂಡ ಮೇಲೆ ಅಲ್ಲ, ಉಣ್ಣುವ ಮೊದಲು ಅದಕ್ಕೆ ಹಾಕುವರು. ಇದನ್ನು ಯಾಕೆ ಹೇಳುತ್ತೇನೆಂದರೆ ಪ್ರೀತಿಗೆ ಅಲ್ಲಿ ಕೊರತೆಯೇನೂ ಇರಲಿಲ್ಲ. ಕೊರತೆಯಿದ್ದದ್ದು ಸರಪಳಿಗೆ. ಬೆಳಿಗ್ಗೆ ಸಂಜೆ ಬಾಗಿಲು ತೆರೆದುಬಿಟ್ಟರೆ ಟೈಗರ್ ತಾನೇ ಇಳಿದು, ಹಿತ್ತಲಿಗೆ ಹೋಗಿ, ತಾನೇ ಹತ್ತಿ ಬರುತ್ತಿತ್ತು. ಬಾಡಿಗೆದಾರರು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದರು.

ಮಾಣಿಗೆ ಅದರ ಹೆದರಿಕೆ. ಎರಡನೇ ಮಹಡಿಯಲ್ಲೇ ನಿಂತು, "ಸೇಠ್‌ಜೀ, ಕುತ್ತೇ ಕೋ ಪಕಡೋ", ನಾಯಿಯನ್ನು ಹಿಡಿದುಕೊಳ್ಳಿ, ಎಂದು ಕೂಗುತ್ತಿದ್ದ. ಮೇಲಿನಿಂದ ಬರುವ ಉತ್ತರ ಒಂದೇ: "ಡರ್ ಮತ್, ಕುಛ್ ನಹೀಂ ಕರೇಗಾ." ಹೆದರಬೇಡ, ಏನೂ ಮಾಡುವುದಿಲ್ಲ. ಸೇಠರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಅದು ಎಂದೂ ಏನೂ ಮಾಡಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ, ಜಡಿಮಳೆ. ಕಟ್ಟಡದ ಮೆಟ್ಟಿಲ ಮೇಲೆ ಆ ಹೊತ್ತಿನಲ್ಲೂ ಕತ್ತಲೆ. ಮಾಣಿ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಹತ್ತುತ್ತಿದ್ದ, ಟೈಗರ್ ಇಳಿಯುತ್ತಿತ್ತು. ತಿರುವಿನಲ್ಲಿ ಮುಖಾಮುಖಿ. ಕೊಪ್ಪೆ ಹಾಕಿದವನನ್ನು ನಾಯಿ ಗುರುತು ಹಿಡಿಯಲಿಲ್ಲವೋ, ಗ್ಲಾಸುಗಳ ಸದ್ದಿಗೆ ಬೆಚ್ಚಿತೋ, ಒಂದು ಗುರ್ ಅಂದಿತು. ಇವನು ತಿರುಗಿ ಓಡಿದ. ಮೀನಖಂಡಕ್ಕೆ ಬಾಯಿ ಬಿತ್ತು. ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿ ಅದೊಂದು ಬೇರೆ ಸುಟ್ಟ ಗಾಯ.

ಕುಂಟುತ್ತ ಬಂದ. ಮಾವ ಎದ್ದು ನಿಂತರು. "ಎಂತ ಆಯ್ತ್ ಮಾಣಿ?"

"ಧಣಿ, ಗ್ಲಾಸ್ ಎಲ್ಲ ಒಡ್ದ್ ಹೋಯ್ತ್." ನಾಯಿ ಕಚ್ಚಿದ ವಿಷಯ ಅವನು ಆಮೇಲೆ ಹೇಳಿದ್ದು.

ಅಡುಗೆಯವ ಸುಣ್ಣ ತಂದ. ಇನ್ನೊಬ್ಬ ಮೆಣಸಿನಪುಡಿ ಅಂದ. ಪುಣ್ಯಕ್ಕೆ ಆ ಹೊತ್ತಿನಲ್ಲಿ ಮೂಲೆ ಮೇಜಿನಲ್ಲಿ ಕಾಕಾ ಇದ್ದರು. ಮರಾಠಿಯವರು, ಬೈಲ್ ಘೋಡಾ ಆಸ್ಪತ್ರೆಯಲ್ಲಿ ಪ್ರಾಣಿಗಳ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ.

ಬೈಲ್ ಘೋಡಾ ಎಂದರೆ ಪರೇಲಿನ ಜನರ ಬಾಯಲ್ಲಿ ಎತ್ತು-ಕುದುರೆಯ ದವಾಖಾನೆ. ಕಾಗದದ ಮೇಲೆ ಅದು ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ. ಗಿರಣಿ ಮಾಲೀಕ ಸರ್ ದಿನ್‌ಶಾ ಮಾಣಿಕ್‌ಜಿ ಪೆಟಿಟ್ ಹಣ ಕೊಟ್ಟು ತನ್ನ ಹೆಂಡತಿಯ ಹೆಸರಿಟ್ಟದ್ದು. 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜು ಅದರ ಒಡನಾಡಿ. ಈ ಊರಿಗೆ ನಾಯಿಗಳ ಮೇಲಿನ ಮಮತೆ ಹೊಸದಲ್ಲ. 1832ರ ಜೂನಿನಲ್ಲಿ ಬ್ರಿಟಿಷ್ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಕೋಟೆಯ ಪಾರ್ಸಿಗಳು ಅಂಗಡಿ ಮುಚ್ಚಿ ಬೀದಿಗಿಳಿದಿದ್ದರು, ಹಿಂದೂಗಳೂ ಜೈನರೂ ಅವರ ಜೊತೆ ಸೇರಿದ್ದರು. ಅಂಥ ಮಮತೆಯಿರುವ ಊರಿನಲ್ಲಿ ಆ ಆಸ್ಪತ್ರೆಯ ಗೇಟಿನಲ್ಲಿ ದಿನವೂ ಹತ್ತಾರು ನಾಯಿ ನೋಡುತ್ತಿದ್ದ ಮನುಷ್ಯ ಕಾಕಾ.

ಸುಣ್ಣದ ಡಬ್ಬಿಯನ್ನು ಕಾಕಾ ಅಡುಗೆಯವನ ಕೈಯಿಂದ ಕಿತ್ತು ಆಚೆಗಿಟ್ಟರು. ಮಾಣಿಯನ್ನು ಹಿತ್ತಲ ನಲ್ಲಿಯ ಹತ್ತಿರ ಒಯ್ದು, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೂರಿಸಿ, ಕಾಲನ್ನು ನೀರಿನ ಧಾರೆಯ ಕೆಳಗೆ ಹಿಡಿದರು. ಬಟ್ಟೆ ಸೋಪು ತರಿಸಿದರು. ನಾಲ್ಕು ಹಲ್ಲಿನ ಗುರುತು, ಎರಡು ಆಳ. ಆ ತೂತುಗಳ ಒಳಗೆ ನೊರೆ ಹೋಗುವಂತೆ ಬೆರಳಿನಿಂದ ಒತ್ತಿ ಒತ್ತಿ ತೊಳೆದರು. ಹುಡುಗ ನನ್ನ ಅಂಗಿ ಹಿಡಿದು ಹಲ್ಲು ಕಚ್ಚಿದ್ದ. ಸಾಕು ಕಾಕಾ ಎಂದು ನಾನು ಅಂದರೂ ಅವರು ಬಿಡಲಿಲ್ಲ, ಗಡಿಯಾರ ನೋಡಿಕೊಂಡು ಕಾಲು ಗಂಟೆ ತೊಳೆದರು. ಇವತ್ತಿಗೂ ವೈದ್ಯರು ಹೇಳುವುದು ಅಷ್ಟೇ ಹೊತ್ತು, ಅದೇ ಸೋಪು-ನೀರು.

ಆಮೇಲೆ ಕಾಕಾ ಕೇಳಿದ ಮೊದಲ ಪ್ರಶ್ನೆ: "ನಾಯಿ ಎಲ್ಲಿದೆ?"

ಅವರ ಲೆಕ್ಕ ಸರಳ. ಕಚ್ಚುವ ಹೊತ್ತಿನಲ್ಲಿ ನಾಯಿಯ ಜೊಲ್ಲಿನಲ್ಲಿ ರೇಬೀಸ್ ವೈರಸ್ ಇದ್ದರೆ ಹತ್ತು ದಿನದೊಳಗೆ ಆ ನಾಯಿ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಕಟ್ಟಿಹಾಕಿ ನೋಡಬೇಕು. ಉಂಡು ತಿಂದು ಚೆನ್ನಾಗಿದ್ದರೆ ಹುಡುಗನ ಉಳಿದ ಸೂಜಿಗಳನ್ನು ಡಾಕ್ಟರು ನಿಲ್ಲಿಸುತ್ತಾರೆ. ಆಗಿನ ಸೂಜಿ ಎಂದರೆ ಈಗಿನಂತೆ ತೋಳಿಗೆ ನಾಲ್ಕೈದು ಅಲ್ಲ. ಹೊಕ್ಕುಳ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು. ಕುರಿಯ ಮಿದುಳಿನಿಂದ ತೆಗೆದ ಲಸಿಕೆ. ನಮ್ಮ ಪರೇಲಿನ ಹಾಫ್‌ಕಿನ್ ಸಂಸ್ಥೆಯ ಆವರಣದಲ್ಲೇ, 1899ರಲ್ಲಿ ಪ್ಲೇಗಿನ ಪ್ರಯೋಗಶಾಲೆ ಬಂದ ಹಳೆಯ ಗವರ್ನರ್ ಬಂಗಲೆಯ ಆ ಜಾಗದಲ್ಲೇ, ಅದೂ ತಯಾರಾಗುತ್ತಿತ್ತು. ಲಕ್ಷಾಂತರ ಜೀವ ಉಳಿಸಿದ ಔಷಧ ಅದು. ಆದರೆ ಮಿದುಳಿನ ಅಂಶ ಇರುವುದರಿಂದ ಅಪರೂಪಕ್ಕೆ ಒಬ್ಬೊಬ್ಬರಿಗೆ ಕೈಕಾಲು ಬಿದ್ದುಹೋಗುತ್ತಿತ್ತು. ಬೇಡದ ಒಂದು ಸೂಜಿಯನ್ನೂ ಮಗುವಿಗೆ ಚುಚ್ಚಿಸಬಾರದು ಎನ್ನುವುದು ಕಾಕಾರ ಕಳಕಳಿ.

ಮಾವ ಮತ್ತು ಕಾಕಾ ಮೂರನೇ ಮಹಡಿ ಹತ್ತಿದರು, ನಾನೂ ಹಿಂದೆ ಹೋದೆ. ಸೇಠರ ಮುಖ ಬಿಳಿಚಿಕೊಂಡಿತ್ತು. ಮಾತು ಮಾತ್ರ ಬಿರುಸು. ಹುಡುಗ ಓಡಿದ್ದಕ್ಕೇ ಕಚ್ಚಿತು, ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಇಪ್ಪತ್ತು ರೂಪಾಯಿಯ ನೋಟು ತೆಗೆದರು. ಮಾವ ಮುಟ್ಟಲಿಲ್ಲ. ಕಾಕಾ ಹಣದ ಮಾತೇ ಎತ್ತದೆ, "ಸೂಜಿ ಹಾಕಿಸಿದ ಕಾಗದ ಇದೆಯೇ? ನಾಯಿಯನ್ನು ಹತ್ತು ದಿನ ಕಟ್ಟುತ್ತೀರಾ?" ಎಂದಷ್ಟೇ ಕೇಳಿದರು. ಹ್ಞೂಂ, ಹ್ಞೂಂ ಎಂದರು ಸೇಠರು.

ಮರುದಿನ ನೋಡಿದರೆ ನಾಯಿಯೇ ಇಲ್ಲ. ಮುನಿಸಿಪಾಲಿಟಿಯವರು ಬಂದು ಒಯ್ಯುತ್ತಾರೆ ಎಂದು ಯಾರೋ ಹೆದರಿಸಿದ್ದರು. ರಾತ್ರೋರಾತ್ರಿ ಕಾರಿನಲ್ಲಿ ಲೋನಾವಳಾ ಕಡೆ ಯಾರದೋ ಬಂಗಲೆಗೆ ಕಳಿಸಿಬಿಟ್ಟಿದ್ದರು. ಯಾರ ಬಂಗಲೆ, ನಾಯಿ ಹೇಗಿದೆ, ಒಂದನ್ನೂ ಹೇಳಲು ತಯಾರಿಲ್ಲ.

ಕಚ್ಚಿದ್ದಕ್ಕಿಂತ ಇದು ನನಗೆ ದೊಡ್ಡ ತಪ್ಪಾಗಿ ಕಂಡಿತು, ಈಗಲೂ ಹಾಗೇ ಕಾಣುತ್ತದೆ. ಕಚ್ಚಿದ್ದು ನಾಯಿ, ಗಳಿಗೆಯ ಕೆಲಸ. ಬಚ್ಚಿಟ್ಟದ್ದು ಮನುಷ್ಯ, ಯೋಚಿಸಿ ಮಾಡಿದ ಕೆಲಸ. ತನ್ನ ನಾಯಿಯನ್ನು ಉಳಿಸಿಕೊಳ್ಳಲು ಇನ್ನೊಬ್ಬರ ಮಗುವಿನ ಹೊಟ್ಟೆಗೆ ಹದಿನಾಲ್ಕು ಸೂಜಿಯನ್ನು ಖಾತ್ರಿ ಮಾಡಿದರು. ಪೊಲೀಸ್ ಚೌಕಿಗೆ ಹೋಗಬಹುದಿತ್ತು. ಸಾಕಿದ ಪ್ರಾಣಿಯನ್ನು ಹತೋಟಿಯಲ್ಲಿ ಇಡದವನಿಗೆ ಆಗಿನ ದಂಡಸಂಹಿತೆಯ 289ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಇತ್ತು. 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 291ನೇ ಕಲಮು, ದಂಡ ಐದು ಸಾವಿರದವರೆಗೆ ಏರಿದೆ. ಆದರೆ ಊರು ಬಿಟ್ಟು ಬಂದು ಹೋಟೆಲು ನಡೆಸುವವರು ಕೋರ್ಟು ಕಚೇರಿ ಎಂದು ಎಲ್ಲಿ ಅಲೆದಾರು?

ಮುನಿಸಿಪಾಲಿಟಿ ಆಸ್ಪತ್ರೆಗೆ ದಿನವೂ ನಾನೇ ಮಾಣಿಯನ್ನು ಕರೆದುಕೊಂಡು ಹೋದೆ. ಬೆಂಚಿನಲ್ಲಿ ಸಾಲಾಗಿ ಕೂತವರು, ಅಂಗಿ ಎತ್ತಿ ಹಿಡಿದುಕೊಂಡ ಮಕ್ಕಳು, ಕುದಿಯುವ ನೀರಿನ ತಟ್ಟೆಯಿಂದ ಚಿಮಟದಲ್ಲಿ ಎತ್ತುವ ಗಾಜಿನ ಸಿರಿಂಜು. ನಿನ್ನೆಯ ಗಂಟು ಇಳಿಯುವ ಮೊದಲೇ ಇವತ್ತಿನದು. ಹೊಟ್ಟೆಯ ಮೇಲೆ ಜಾಗ ಹುಡುಕಿ ಚುಚ್ಚಬೇಕು. ಡಾಕ್ಟರು ದಿನವೂ ಒಂದೇ ಕೇಳುವರು, ಕಾಲು ಜೋಮು ಹಿಡಿಯುತ್ತದೆಯೇ? ನಾನು ರಾತ್ರಿ ಅವನು ಮಲಗಿದಾಗ ಕಾಲ ಬೆರಳು ಮುಟ್ಟಿ ನೋಡುತ್ತಿದ್ದೆ.

ಒಂದು ದಿನ ಆಸ್ಪತ್ರೆಯಿಂದ ಬರುವಾಗ ಅವನು ಕೇಳಿದ, "ಆ ನಾಯಿಗೂ ಹೊಟ್ಟೆಗೇ ಕೊಡ್ತ್ರಾ?"

ನನಗೆ ಗೊತ್ತಿರಲಿಲ್ಲ. ಕಾಕಾ ಅವನನ್ನು ಬೈಲ್ ಘೋಡಾಕ್ಕೆ ಕರೆದೊಯ್ದು ತೋರಿಸಿದರು. ಮರಿಗೆ ಮೂರು ತಿಂಗಳಾದಾಗ ಒಂದು ಸೂಜಿ, ಆಮೇಲೆ ವರ್ಷಕ್ಕೊಂದು, ಕತ್ತಿನ ಸಡಿಲ ಚರ್ಮಕ್ಕೆ, ನಾಯಿಗೆ ಗೊತ್ತೂ ಆಗುವುದಿಲ್ಲ. ಮುದುಕ ಪಾರ್ಸಿಯೊಬ್ಬರು ತಮ್ಮ ನಾಯಿಯನ್ನು ಬಾಯಿಗೆ ಚರ್ಮದ ಬುಟ್ಟಿ ಹಾಕಿ ತಂದಿದ್ದರಂತೆ. ಇದು ಕಚ್ಚುತ್ತದೆಯೇ ಎಂದು ಮಾಣಿ ಕೇಳಿದ್ದಕ್ಕೆ, "ಇದುವರೆಗೆ ಇಲ್ಲ, ಆದರೆ ನಿನ್ನನ್ನು ಇದು ಇವತ್ತೇ ನೋಡುತ್ತಿರುವುದು" ಎಂದರಂತೆ. ಈ ಮಾತನ್ನು ಮಾಣಿ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ನಾಯಿ ಎದುರಾದರೆ ಓಡಬಾರದು, ಕಣ್ಣಿಗೆ ಕಣ್ಣಿಟ್ಟು ನೋಡಬಾರದು, ಪಕ್ಕಕ್ಕೆ ತಿರುಗಿ ಮರದ ಹಾಗೆ ನಿಲ್ಲಬೇಕು ಎಂದು ಕಾಕಾ ಅವನಿಗೆ ಕಲಿಸಿದರು. ಒಳ್ಳೆಯ ವಿದ್ಯೆ, ಎಲ್ಲ ಮಕ್ಕಳಿಗೂ ಕಲಿಸಬೇಕು. ಆದರೆ ಕಾಕಾ ನನ್ನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರು: "ಮೆಟ್ಟಿಲು ತನ್ನದೇ ಅಂತ ನಾಯಿ ತಿಳಿದಿದೆ. ಅದು ಎಲ್ಲರದು ಅಂತ ಅದಕ್ಕೆ ಹುಡುಗ ಹೇಗೆ ತಿಳಿಸುತ್ತಾನೆ? ಸರಪಳಿ ಇರುವುದು ಸೇಠನ ಕೈಯಲ್ಲಿ." ಅಪರಿಚಿತನಿಗೆ ಧೈರ್ಯ ಇರಲಿ, ಇಲ್ಲದಿರಲಿ, ಅವನು ಮೆಟ್ಟಿಲು ಹತ್ತಿ ತನ್ನ ಕೆಲಸ ಮಾಡಿಕೊಂಡು ಇಳಿಯುವಂತಿರಬೇಕು. ಅವನ ಹೆದರಿಕೆಯನ್ನು ತಿದ್ದಲು ಹೊರಡುವ ಮೊದಲು ನಾಯಿಯನ್ನು ಹಿಡಿದುಕೊಳ್ಳಬೇಕು. ನಾಯಿಯನ್ನು ನಿಜವಾಗಿ ಪ್ರೀತಿಸುವವರು ಮಾಡುವ ಕೆಲಸವೂ ಇದೇ. ಕಚ್ಚಿದ ಮೇಲೆ ಊರು ಬಿಡಬೇಕಾಗಿ ಬಂದದ್ದು ಟೈಗರಿಗೇ ತಾನೆ?

ಆ ತಿಂಗಳು ಮಾವ ಮೂರನೇ ಮಹಡಿಗೆ ಚಹಾ ನಿಲ್ಲಿಸಿದರು. ಮೂರು ಹೊತ್ತಿನ ಗಿರಾಕಿ, ನಷ್ಟವೇ. ಬೇರೆ ಹುಡುಗನನ್ನು ಕಳಿಸಿ ಎಂದು ಆಫೀಸಿನ ಗುಮಾಸ್ತ ಬಂದು ಕೇಳಿದ. ಮಾವ, "ನಮ್ಮಲ್ಲಿ ಕಚ್ಚಿಸಿಕೊಳ್ಳುವ ಹುಡುಗ ಯಾರೂ ಇಲ್ಲ" ಎಂದು ಹೇಳಿ ಕಳಿಸಿದರು. ಕಟ್ಟಡದ ಉಳಿದ ಬಾಡಿಗೆದಾರರೂ ಮೆಲ್ಲಗೆ ಬಾಯಿಬಿಟ್ಟರು. ಎರಡನೇ ಮಹಡಿಯ ಬಸುರಿ ಹೆಂಗಸೊಬ್ಬಳು ಎಷ್ಟೋ ತಿಂಗಳಿಂದ ನಾಯಿ ಹತ್ತಿ ಹೋಗುವವರೆಗೆ ಕಾದು ನೀರಿಗೆ ಇಳಿಯುತ್ತಿದ್ದಳೆಂದು ಆಗ ಗೊತ್ತಾಯಿತು.

ಗಣೇಶ ಚತುರ್ಥಿ ಕಳೆದ ಮೇಲೆ ಟೈಗರ್ ವಾಪಸು ಬಂತು, ಗುಂಡುಕಲ್ಲಿನಂತೆ ಆರೋಗ್ಯವಾಗಿ. ಅಂದರೆ ಮಾಣಿ ತೆಗೆದುಕೊಂಡ ಕೊನೆಯ ಸೂಜಿಗಳು ಬೇಕಾಗಿಯೇ ಇರಲಿಲ್ಲ. ಸೇಠರು ತಾವೇ ಕೆಳಗಿಳಿದು ಹೋಟೆಲಿಗೆ ಬಂದರು. ಕೈಯಲ್ಲಿ ಸರಪಳಿ, ಸರಪಳಿಯಲ್ಲಿ ನಾಯಿ. ಒಳಗೆ ಬರಲಿಲ್ಲ, ಫುಟ್‌ಪಾತಿನ ಆಚೆ ಅಂಚಿನಲ್ಲಿ ನಿಂತು ಮಾಣಿಯನ್ನೇ ಕೇಳಿದರು, ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತೀ? ಆ ಹೊತ್ತಿಗೆ ಕಟ್ಟಿರುತ್ತೇನೆ.

ಮಾಣಿ ಮಾವನ ಮುಖ ನೋಡಿದ. ಮಾವ, "ನೀನೇ ಹೇಳು" ಎಂದರು. "ಸಾಡೇ ಸಾತ್" ಎಂದ, ಏಳೂವರೆ.

1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಗಿ ನಮ್ಮ ಹೊರಗಿನ ಚಹಾ ಅರ್ಧಕ್ಕೆ ಇಳಿಯಿತು. ಮೂರನೇ ಮಹಡಿಯದು ನಿಲ್ಲಲಿಲ್ಲ. ಕೆಳಗಿನ ಬಾಗಿಲ ಹತ್ತಿರ ಸೇಠರು ಒಂದು ಕರೆಗಂಟೆ ಹಾಕಿಸಿದ್ದರು. ಮಾಣಿ ಅದನ್ನು ಒತ್ತುತ್ತಿದ್ದ, ಮೇಲಿನಿಂದ "ಬಾಂಧ್ ದಿಯಾ, ಆ ಜಾ", ಕಟ್ಟಿದ್ದೇನೆ, ಬಾ, ಎಂದು ಕೇಳಿದ ಮೇಲೆ ಹತ್ತುತ್ತಿದ್ದ. ಅವನು ಟೈಗರನ್ನು ಎಂದೂ ಮುಟ್ಟಲಿಲ್ಲ, ಮುಟ್ಟು ಎಂದು ಸೇಠರೂ ಹೇಳಲಿಲ್ಲ.