ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ

"ಮೀಸಲಾತಿ ಡಾಕ್ಟರ್ ಕೈಗೆ ಜೀವ ಕೊಡ್ತೀರಾ?" ಅನ್ನೋ ಮೆಸೇಜ್ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಮತ್ತೆ ಬಂದಿದೆ. ಉತ್ತರ ಇಲ್ಲೇ ಬರೀತಿದ್ದೀನಿ.

ನಮ್ಮ ಅಕ್ಕನ ಮಗಳು ಎಂಬಿಬಿಎಸ್ ಮುಗಿಸಿ, ನಮ್ಮ ಮನೇಲಿದ್ದುಕೊಂಡು ನೀಟ್ ಪಿಜಿಗೆ ಓದ್ತಿದ್ದಾಳೆ. 200 ಪ್ರಶ್ನೆ, ಮೂರೂವರೆ ಗಂಟೆ. ಅಂದ್ರೆ ಒಂದು ಪ್ರಶ್ನೆಗೆ ಒಂದು ನಿಮಿಷ ಚಿಲ್ಲರೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದ್ರೆ 1 ಕಳೀತಾರೆ. ಅನಾಟಮಿಯಿಂದ ಹಿಡಿದು ಹೆರಿಗೆ, ಮಕ್ಕಳ ಕಾಯಿಲೆ, ಕಣ್ಣು, ಚರ್ಮ, ಮನೋರೋಗದವರೆಗೆ 19 ವಿಷಯ ಒಂದೇ ಪತ್ರಿಕೇಲಿ. ರಾತ್ರಿ ಊಟ ಆದ್ಮೇಲೆ ಬಿಎ ಓದಿದ ನಾನು ಫೋನ್ ನೋಡ್ಕೊಂಡು ಪ್ರಶ್ನೆ ಓದ್ತೀನಿ, ಅವಳು ಉತ್ತರ ಹೇಳ್ತಾಳೆ.

ಮೊನ್ನೆ ಒಂದು ಪ್ರಶ್ನೆ: ಮಲದ ಗುಂಡಿಗೆ ಇಳಿದ ಕಾರ್ಮಿಕ ಕುಸಿದುಬಿದ್ದ, ಕೊಳೆತ ಮೊಟ್ಟೆಯ ವಾಸನೆ, ಯಾವ ಅನಿಲ? "ಹೈಡ್ರೋಜನ್ ಸಲ್ಫೈಡ್. ಜಾಸ್ತಿ ಆದ್ರೆ ಮೂಗಿಗೆ ವಾಸನೇನೇ ತಿಳಿಯಲ್ಲ ಮಾವ, ಒಳಗಿರೋರಿಗೆ ಅಪಾಯ ಗೊತ್ತೇ ಆಗಲ್ಲ. ಮುಂದಿನದು ಕೇಳಿ" ಅಂದ್ಲು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸೋ ಕಾಯ್ದೆ 2013ರಲ್ಲೇ ಬಂದಿದೆ. ಇವತ್ತಿಗೂ ಆ ಗುಂಡಿಗೆ ಇಳಿಯೋರು ಯಾರು ಅಂತ ಪತ್ರಿಕೆ ಕೇಳಲ್ಲ. ನಮಗೆ ಗೊತ್ತು.

ಈಗ ಮೆರಿಟ್ ವಿಚಾರ. ನಮ್ಮ ಮಕ್ಕಳಿಗೆ ಬೇರೆ ಪ್ರಶ್ನೆಪತ್ರಿಕೆ ಇಲ್ಲ. ಸೀಟು ಸಿಕ್ಕಮೇಲೆ ಎಂಡಿ ಪಾಸಾಗೋಕೂ ಬೇರೆ ಅಂಕ ಇಲ್ಲ. 2023ರಲ್ಲಿ ಸೀಟು ಖಾಲಿ ಉಳಿದಾಗ ಕೇಂದ್ರ ಸರ್ಕಾರ ಅರ್ಹತೆಯ ಪರ್ಸೆಂಟೈಲನ್ನ ಎಲ್ಲಾ ವರ್ಗಕ್ಕೂ ಸೊನ್ನೆಗೆ ಇಳಿಸ್ತು. ಪರೀಕ್ಷೆ ಬರೆದವರೆಲ್ಲಾ ಅರ್ಹರೇ! ಖಾಸಗಿ ಕಾಲೇಜಿನ ಫೀಸು ಕಟ್ಟೋ ತಾಕತ್ತಿದ್ದೋರಿಗೆ ಬಾಗಿಲು ತೆರೀತು. ಆವತ್ತು ನಮ್ಮ ಗುಂಪಲ್ಲಿ "ಜೀವ ಕೊಡ್ತೀರಾ" ಅಂತ ಒಬ್ಬರೂ ಕೇಳಲಿಲ್ಲ. ದುಡ್ಡಿನ ಮೀಸಲಾತಿ ಯಾರ ಕಣ್ಣಿಗೂ ಚುಚ್ಚಲ್ಲ.

ಇದನ್ನ ತಮಾಷೆ ಅಂತ ಬಿಡೋಕೂ ಆಗಲ್ಲ. 2019ರಲ್ಲಿ ಮುಂಬೈನಲ್ಲಿ ಸ್ತ್ರೀರೋಗ ವಿಭಾಗದ ಪಿಜಿ ವಿದ್ಯಾರ್ಥಿನಿ, ಆದಿವಾಸಿ ಹೆಣ್ಣುಮಗಳು ಡಾ. ಪಾಯಲ್ ತಡ್ವಿ ಜೀವ ಕಳ್ಕೊಂಡ್ರು. ಜಾತಿ ಎತ್ತಿ ಹೀಯಾಳಿಸಿದ್ರು ಅಂತ ಸೀನಿಯರ್‌ಗಳ ಮೇಲೆ ಕೇಸಾಯ್ತು. ಫಾರ್ವರ್ಡ್ ಮಾಡೋರು ಆ ಹೆಸರು ನೆನಪಿಟ್ಕೊಳ್ಳಲಿ.

ನಿಮ್ಮ ಕೇರೀಲಿ ಇಂಥ ಪರೀಕ್ಷೆಗೆ ಓದೋ ಮಕ್ಕಳಿದ್ರೆ ದಿನಾ ಒಂದು ಗಂಟೆ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ. ನಮಗೆ ಅರ್ಥ ಆಗದಿದ್ರೂ ಪರವಾಗಿಲ್ಲ, ಓದೋಕೆ ಬಂದ್ರೆ ಸಾಕು. ಓದೋಕೆ ಬರೋ ಹಾಗೆ ಮಾಡಿದ್ದು ಬಾಬಾಸಾಹೇಬರು.

ಜೈ ಭೀಮ್.