ಹೀರೋ ಆಡುವ ಕನ್ನಡ

ಕನ್ನಡ ಸಿನಿಮಾದಲ್ಲಿ ಆಗಾಗ ಒಂದು ಪವಾಡ ನಡೆಯುತ್ತಿತ್ತು. ಕತೆ ವಿಜಾಪುರದ ಕಡೆಯದು. ಹೀರೋ ಹುಟ್ಟಿದ್ದು, ಹೊಲ ಉತ್ತಿದ್ದು, ಪ್ರೀತಿಸಿದ್ದು ಎಲ್ಲ ಅಲ್ಲೇ. ಬಾಯಿ ತೆರೆದರೆ ಮಾತ್ರ ಮೈಸೂರು ಕನ್ನಡ. ಅವನ ತಾಯಿಯದೂ ಅದೇ, ಪ್ರೇಯಸಿಯದೂ ಅದೇ. ಊರಿನ ಮಾತು ಬರುತ್ತಿದ್ದದ್ದು ಮನೆಯ ಆಳೊಬ್ಬನಿಗೇ. ಅವನು ‘ಏನ್ರೀಪಾ’ ಅನ್ನುವುದೇ ತಡ, ಥಿಯೇಟರಿನ ತುಂಬ ನಗು. ಧಾರವಾಡದಲ್ಲಿ ಕೂತು ನಾವೂ ನಗುತ್ತಿದ್ದೆವು. ರೊಕ್ಕ ಕೊಟ್ಟು ನಮ್ಮನ್ನು ನಾವೇ ನೋಡಿ ನಕ್ಕು, ಹೊರಗೆ ಬಂದು ‘ಚಲೋ ಐತಲೇ ಪಿಚ್ಚರ್’ ಅಂತ ಆ ಆಳಿನ ಮಾತಿನಲ್ಲೇ ಮೆಚ್ಚುತ್ತಿದ್ದೆವು.

ಮಂಗಳೂರು ಕಡೆಯವರ ಪಾಡೂ ಇಷ್ಟೇ. ‘ಎಂತ ಮಾರಾಯ್ರೆ’ ಅಂದವನು ಹೋಟೆಲಿನವನೋ ಪುರೋಹಿತನೋ ಆಗಿರಬೇಕು. ಮರ ಸುತ್ತಿ ಹಾಡುವ ಯೋಗ ಅವನ ಜಾತಕದಲ್ಲಿಲ್ಲ. ನಮ್ಮ ಕಡೆಯ ಮಾತಿನ ‘ನಾಗಮಂಡಲ’ದಂಥ (1997) ಹೊರತುಗಳಿದ್ದವು, ಎಣಿಸಲು ಒಂದು ಕೈ ಸಾಕು.

ತಮಾಷೆಯೆಂದರೆ, ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ (1934) ತಯಾರಾದದ್ದು ಕೊಲ್ಹಾಪುರದಲ್ಲಿ, ನಮ್ಮ ಬೆಳಗಾವಿಯ ಮಗ್ಗುಲಲ್ಲೇ. ಆಮೇಲೆ ರೊಕ್ಕ ಹೋಗಿ ಬೆಂಗಳೂರಿನ ಗಾಂಧಿನಗರದಲ್ಲಿ ಕೂತಿತು. ರೊಕ್ಕ ಇದ್ದವರ ಮನೆಯಲ್ಲಿ ಆಡಿದ್ದು ಭಾಷೆ, ಮಿಕ್ಕವರು ಆಡಿದ್ದು ರಾಗ.

ಆ ಗಾಂಧಿನಗರಕ್ಕೂ ಮುಂಬಯಿ ಎಂಬ ಅತ್ತೆ ಇದ್ದಳು. ‘ಪಡೋಸನ್’ನಲ್ಲಿ (1968) ಮೆಹಮೂದ್ ಜುಟ್ಟು ಬಿಟ್ಟು ಮಾಸ್ಟರ್ ಪಿಳ್ಳೈ ಆಗಿ ಹಿಂದಿಯನ್ನು ತಿರುಚಿ ತಿರುಚಿ ಆಡಿದ, ದೇಶವೆಲ್ಲ ಬಿದ್ದು ಬಿದ್ದು ನಕ್ಕಿತು. ಅಲ್ಲಿಯವರ ಲೆಕ್ಕದಲ್ಲಿ ತಮಿಳರೂ ನಾವೂ ಒಟ್ಟಾರೆ ‘ಮದ್ರಾಸಿ’. ನಮ್ಮನ್ನೂ ಅದರಲ್ಲಿ ಸೇರಿಸಿಬಿಟ್ಟರಲ್ಲ ಅಂತ ಬೆಂಗಳೂರಿನ ಗೆಳೆಯರು ಇಂದಿಗೂ ಕುದಿಯುತ್ತಾರೆ. ಸಿಟ್ಟು ನ್ಯಾಯವಾದದ್ದೇ. ನನಗೆ ಮಾತ್ರ ಒಳಗೊಳಗೇ ಸಣ್ಣ ಖುಷಿ. ಒಳ್ಳೆಯ ಗುಣವಲ್ಲ, ಇರಲಿ.

‘ಕಾಂತಾರ’ (2022) ಬಂದಾಗ ಅವ್ವ ಬೆಂಗಳೂರಿಗೆ ಬಂದಿದ್ದಳು. ಕರೆದುಕೊಂಡು ಹೋದೆ. ರಿಷಬ್ ಶೆಟ್ಟಿ ಕೋಣ ಓಡಿಸಿದ, ಹೊಡೆದಾಡಿದ, ಹುಡುಗಿಯ ಹಿಂದೆ ಬಿದ್ದ. ಎಲ್ಲವೂ ಕರಾವಳಿಯ ಮಾತಿನಲ್ಲೇ. ಅವ್ವ ಅರ್ಧ ತಾಸು ತಡೆದುಕೊಂಡಳು. ಆಮೇಲೆ ನನ್ನ ತೋಳು ತಿವಿದು ಕೇಳಿದಳು, “ಹೀರೋ ಯಾವಾಗ ಬರ್ತಾನೋ?”

“ಇವನ ಹೀರೋ, ಅವ್ವಾ.”

“ಮಾತು ಕೇಳಿದ್ರ ಉಡುಪಿ ಹೋಟೆಲ್‌ನಾವ ಅನಸ್ತಾನಲ್ಲೋ!”

ಹಿಂದಿನ ಸಾಲಿನವರು ಗೊಳ್ಳೆಂದರು. ಅವ್ವ ಹೇಳಿದ್ದಕ್ಕೋ, ಹೇಳಿದ ರಾಗಕ್ಕೋ ನನಗಂತೂ ತಿಳಿಯಲಿಲ್ಲ.